ಗೀರು ಬಿದ್ದ ರೀಲು

ಖಜೂರಿಯ ಮದುವೆಮನೆಯಲ್ಲಿ ಹುಡುಗರು ಮೊಬೈಲ್ ವಿಡಿಯೊಗೆ ‘ಹಳೇ ಸಿನಿಮಾ’ ಫಿಲ್ಟರ್ ಹಾಕ್ತಿದ್ದಾರೆ. ಬೆರಳು ತಾಗಿಸಿದರೆ ಸಾಕು, ಗೀರು, ದೂಳು, ಮಾಸಲು ಬಣ್ಣ ಎಲ್ಲ ಹಾಜರ್!

ಇಂಥದ್ದಕ್ಕೇ ಕೈ ಕೆಸರು ಮಾಡಿಕೊಂಡವರೂ ಇದ್ದಾರೆ. ಅಮೆರಿಕದ ಸ್ಟ್ಯಾನ್ ಬ್ರಾಕೇಜ್ 1963ರಲ್ಲಿ ‘ಮಾತ್‌ಲೈಟ್’ ಮಾಡಿದ್ದು ಕ್ಯಾಮೆರಾನೇ ಇಲ್ಲದೆ. ಪತಂಗದ ರೆಕ್ಕೆ, ಎಲೆ, ಹುಲ್ಲನ್ನು ಪಾರದರ್ಶಕ ಟೇಪಿನ ನಡುವೆ ಅಂಟಿಸಿದರು, ಅದೇ ಸಿನಿಮಾ ಆಯಿತು.

ಸೂಪರ್ 8 ಅನ್ನೋ ಪುಟ್ಟ ಸಿನಿಮಾ ರೀಲಿನ ಕಾರ್ಟ್ರಿಜ್ ಒಂದರಲ್ಲಿ 50 ಅಡಿ ಫಿಲ್ಮ್, ಸುಮಾರು 3600 ಫ್ರೇಮು. ಸೆಕೆಂಡಿಗೆ 18ರಂತೆ ಓಡಿಸಿದರೆ 3 ನಿಮಿಷ 20 ಸೆಕೆಂಡಿಗೆ ಮುಗೀತು. ಒಂದೊಂದು ಫ್ರೇಮಿನ ಅಗಲ 6 ಮಿ.ಮೀ.ಗೂ ಕಡಿಮೆ, ಅದರ ಮೇಲೆ ಕುಂಚದಿಂದ ಬಣ್ಣ ಹಚ್ಚುವವರ ತಾಳ್ಮೆ ಎಂಥದ್ದಿರಬೇಕು! ಕೆಲವರು ಲ್ಯಾಬಿಗೂ ಹೋಗದೆ ಇನ್‌ಸ್ಟಂಟ್ ಕಾಫಿಪುಡಿ, ವಾಷಿಂಗ್ ಸೋಡಾ, ವಿಟಮಿನ್ ಸಿ ಕಲಸಿದ ನೀರಲ್ಲೇ ಕಪ್ಪು-ಬಿಳುಪು ಫಿಲ್ಮ್ ಡೆವಲಪ್ ಮಾಡುತ್ತಾರೆ.

ಬೆಂಗಳೂರಿನ ಕಲಾವಿದೆ ಆಯಿಷಾ ಅಬ್ರಹಾಂ ಹಿಡಿದದ್ದು ಇನ್ನೊಂದು ದಾರಿ. ಅದೇ ಊರಿನ ಹವ್ಯಾಸಿ ಟಾಮ್ ಡಿ’ಅಗಿಯಾರ್ ದಶಕಗಳ ಹಿಂದೆ ತೆಗೆದಿದ್ದ 8 ಎಂಎಂ ರೀಲುಗಳಿಂದ 2005ರಲ್ಲಿ ‘ಸ್ಟ್ರೈಟ್ 8’ ಕಟ್ಟಿದರು.

ಫಿಲ್ಟರಿನ ಗೀರು ಎಲ್ಲರ ವಿಡಿಯೊದಲ್ಲೂ ಒಂದೇ ಥರ. ಫಿಲ್ಮಿನ ಮೇಲೆ ಬಿದ್ದ ಗೀರು ಆ ರೀಲಿಗೆ ಮಾತ್ರ ಸೇರಿದ್ದು. ಹೌದಲ್ಲೇನ್ರಿ?

ಅಂದಹಾಗೆ, ಆಳಂದ, ಅಫಜಲಪುರ, ಜೇವರ್ಗಿ ಕಡೆ ಯಾರ ಮನೆಯ ಟ್ರಂಕಿನಲ್ಲಾದರೂ ಹಳೇ ರೀಲಿನ ಡಬ್ಬಿ ಉಳಿದಿದೆಯಾ? ವಿನೆಗರ್‌ನಂಥ ಹುಳಿವಾಸನೆ ಬಂದರೆ ಫಿಲ್ಮ್ ಕೆಡುತ್ತಿದೆ ಅಂತ ಅರ್ಥ. ಎಸೆಯಬೇಡಿ, ತಂಪಾದ ಒಣ ಜಾಗದಲ್ಲಿಟ್ಟು ಕಾಮೆಂಟಿನಲ್ಲಿ ತಿಳಿಸಿ.