ಮನೆ ಓಟು

ಡಿಸೆಂಬರ್ 2020. ವರ್ಕ್ ಫ್ರಮ್ ಹೋಮ್ ಅಂತ ಹಾನಗಲ್ ತಾಲೂಕಿನ ನಮ್ಮೂರಿಗೆ ಬಂದು ಒಂಬತ್ತು ತಿಂಗಳಾಗಿತ್ತು. ಆಗಲೇ ಕಾಕಾ ಗ್ರಾಮ ಪಂಚಾಯಿತಿಗೆ ನಿಂತರು.

"ಯಾವ ಪಾರ್ಟಿ ಕಾಕಾ?"

"ಪಂಚಾಯ್ತಿಗೆ ಎಲ್ಲಿ ಪಾರ್ಟಿ ತಮ್ಮಾ? ನಂದು ಆಟೋ ಗುರ್ತು."

ಹೌದಲ್ಲ! ತಾಲೂಕು, ಜಿಲ್ಲಾ ಪಂಚಾಯಿತಿಗೆ ಪಕ್ಷದ ಚಿಹ್ನೆ ಉಂಟು. ಗ್ರಾಮ ಪಂಚಾಯಿತಿಗೆ ಇಲ್ಲ. ಊರು ಪಕ್ಷಗಳಾಗಿ ಒಡೆಯಬಾರದು ಅನ್ನೋದು ಆಶಯ. ಪಕ್ಷಗಳು ಬಹಿರಂಗವಾಗಿಯೇ ಸ್ಪರ್ಧಿಸಲಿ ಅಂತ 1978ರಲ್ಲೇ ಅಶೋಕ್ ಮೆಹ್ತಾ ಸಮಿತಿ ಹೇಳಿತ್ತು. ಅದೂ ಸುಳ್ಳಲ್ಲ. ಕಾಕಾ ಯಾರ ಕಾರಿನಲ್ಲಿ ಓಡಾಡ್ತಾರೆ ಅನ್ನೋದು ಊರಿಗೆಲ್ಲ ಗೊತ್ತಿತ್ತು.

ಅದೇ ಸ್ಥಾನಕ್ಕೆ ಸ್ವಸಹಾಯ ಸಂಘದ ಒಬ್ಬ ಅಕ್ಕನೂ ನಿಂತಿದ್ದಳು. ಹೊಲಿಗೆ ಮಷೀನಿನ ಗುರುತು. ನಮ್ಮ ಓಣಿಯ ಮುದುಕಿಯರ ಪಿಂಚಣಿ ಅರ್ಜಿ ತುಂಬಿ, ಅವರನ್ನು ಹಾನಗಲ್ಲಿಗೆ ಬಸ್ಸಿನಲ್ಲಿ ಕರೆದೊಯ್ದವಳು ಅವಳೇ. ನಮ್ಮ ಆಯಿಯ ಪಿಂಚಣಿ ಶುರುವಾದದ್ದೂ ಅವಳಿಂದಲೇ. ಕಾಕಾ ಒಳ್ಳೆಯವರು, ಆದರೆ ಊರಿನ ಕೆಲಸಕ್ಕೆ ಓಡಾಡಿದವರಲ್ಲ.

ಆ ಸಲ ಡಿಸೆಂಬರ್ 22 ಮತ್ತು 27ರಂದು ಎರಡು ಹಂತದಲ್ಲಿ ಮತದಾನ. ಬೀದರ್ ಜಿಲ್ಲೆ ಬಿಟ್ಟು ಉಳಿದ ಕಡೆ ಕಾಗದದ ಮತಪತ್ರ. ರಟ್ಟಿನ ಮರೆಯಲ್ಲಿ ನಿಂತು ಆಟೋ ನೋಡಿದೆ, ಹೊಲಿಗೆ ಮಷೀನು ನೋಡಿದೆ. ಹೊಲಿಗೆ ಮಷೀನಿಗೆ ಒತ್ತಿದೆ.

30ಕ್ಕೆ ಎಣಿಕೆ. ಕಾಕಾ ಮೂರು ಓಟಿನಿಂದ ಸೋತರು. ರಾತ್ರಿ ಕಟ್ಟೆ ಮೇಲೆ ಕೂತು ಬೆರಳು ಮಡಚುತ್ತ ಲೆಕ್ಕ ಹಾಕಿದರು: "ನಮ್ಮ ಮನಿವು ಐದು..." ನಾನು ಲ್ಯಾಪ್‌ಟಾಪಿನಲ್ಲಿ ತಲೆ ಹುದುಗಿಸಿದೆ.

2021ರ ಅಕ್ಟೋಬರ್ 30ಕ್ಕೆ ಹಾನಗಲ್ ವಿಧಾನಸಭಾ ಉಪಚುನಾವಣೆ ಬಂತು. ಆಗ ಕಾಕಾನದು ಒಂದು ಪಕ್ಷ, ನನ್ನದು ಇನ್ನೊಂದು. ಚಹಾ ಕುಡೀತಾ ಜಗಳಾಡಿದೆವು, ನಕ್ಕೆವು. "ನಿಮ್ಮ ಪಾರ್ಟಿ ಸರಿ ಇಲ್ಲ" ಅನ್ನೋದು ಎಷ್ಟು ಸುಲಭ! "ಕಾಕಾ, ಈ ಕೆಲಸಕ್ಕೆ ನಿಮಗಿಂತ ಅವಳು ಮೇಲು" ಅನ್ನೋದು ಇವತ್ತಿಗೂ ಬಾಯಿಗೆ ಬಂದಿಲ್ಲ. ಪಕ್ಷ ಇಲ್ಲದ ಚುನಾವಣೆಯಲ್ಲಿ ಮನುಷ್ಯನನ್ನೇ ನೋಡಿ ಆರಿಸಬಹುದು ಅಂತಾರೆ. ಮನುಷ್ಯನನ್ನೇ ನೋಡಿ ಬೇಡ ಅನ್ನಬೇಕಾಗುತ್ತೆ ಅನ್ನೋದನ್ನು ನನಗೆ ಯಾರೂ ಹೇಳಿರಲಿಲ್ಲ.

ಮುಂದಿನ ಸಲಾನೂ ನಿಲ್ತಾರಂತೆ. "ರಜಾ ಹಾಕಿ ಬಾ ತಮ್ಮಾ, ಮನಿ ಓಟು ಹೋಗಬಾರ್ದು" ಅಂದಿದ್ದಾರೆ. ಹೂಂ ಅಂದಿದ್ದೇನೆ. ಆ ಅಕ್ಕನೂ ನಿಲ್ತಾಳಾ ಅಂತ ಕೇಳಲು ಧೈರ್ಯ ಬಂದಿಲ್ಲ.