ಅಪ್ಪನ ಯೆಜ್ಡಿಯ ಎದೆ ಬಗೆಯಬೇಕೇ?

ಸಿನಿಮಾದಲ್ಲಿ ಹೀರೋ ಎಂಟ್ರಿ ಅಂದರೆ ಮೊದಲು ಕಾಣೋದು ಮುಖ ಅಲ್ಲ ಸ್ವಾಮೀ, ಚಕ್ರ! ಆಮೇಲೆ ಬೂಟು, ಆಮೇಲೆ ಧೂಳು, ಕೊನೆಗೆ ಮುಖ. ಅಷ್ಟರಲ್ಲಿ ಗಾಂಧಿ ಕ್ಲಾಸಿನಲ್ಲಿ ಶಿಳ್ಳೆ ಬಿದ್ದಾಗಿರುತ್ತೆ. ಆದರೆ ಆ ಗಾಡಿಯ ಹೊಟ್ಟೆಯೊಳಗೆ ಏನು ನಡೀತಿದೆ ಅಂತ ಯಾವ ಡೈರೆಕ್ಟರೂ ತೋರಿಸೋಲ್ಲ. ಈ ವಾರ ಆ ಹೊಟ್ಟೆಯೊಳಗಿನ ಕಥೆ ಕೇಳಿ.

ದೊಡ್ಡ ಊರಿನ ಶ್ರೀಮಂತರಿಗೆ ಹಳೇ ಸ್ಪೋರ್ಟ್ಸ್ ಕಾರಿನ ಚಿಂತೆ. ನಮ್ಮ ಕೊಳ್ಳೇಗಾಲ, ಹನೂರು, ಯಳಂದೂರಿನ ಕಡೆ ಹಳೇ ಕಾಲದ ವೇಗ ಅಂದರೆ ಒಂದೇ ಹೆಸರು, ಯೆಜ್ಡಿ! ನಮ್ಮ ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯ ಕೂಸು. ಮೊದಲು ಜಾವಾ, 70ರ ದಶಕದಲ್ಲಿ ಯೆಜ್ಡಿ, 1978ರಲ್ಲಿ ರೋಡ್‌ಕಿಂಗ್. 250 ಸಿಸಿ, 16 ಕುದುರೆ ಶಕ್ತಿ. ಸಿಲಿಂಡರ್ ಒಂದೇ, ಸೈಲೆನ್ಸರ್ ಎರಡು! ಕಿಕ್ ಹೊಡೆಯೋ ಲಿವರ್ರನ್ನೇ ಮುಂದಕ್ಕೆ ಮಡಚಿದರೆ ಅದೇ ಗೇರ್ ಲಿವರ್. 1996ರಲ್ಲಿ ಕಾರ್ಖಾನೆಗೆ ಬೀಗ ಬಿತ್ತು. 2022ರಲ್ಲಿ ಅದೇ ಹೆಸರಿನ ಹೊಸ ಗಾಡಿ ಬಂತು ನಿಜ. ಆದರೆ ಅದು ಫೋರ್ ಸ್ಟ್ರೋಕು. ಆ ಹಳೇ ಹೊಗೆ, ಆ ಹಳೇ ಸದ್ದು ಅದರಲ್ಲಿ ಎಲ್ಲಿ?

ನಮ್ಮಪ್ಪನ ರೋಡ್‌ಕಿಂಗ್ 1986ರದು. ಅಪ್ಪ ಕೊಳ್ಳೇಗಾಲದ ರೇಷ್ಮೆ ಮಗ್ಗದ ಮನುಷ್ಯ. ಹನೂರಿಗೂ ಯಳಂದೂರಿಗೂ ಸೀರೆ ಗಂಟು ಹೊತ್ತದ್ದು ಇದೇ ಗಾಡಿ. ಟ್ಯಾಂಕಿನ ಮೇಲೆ ನನ್ನನ್ನು ಕೂರಿಸಿಕೊಂಡು ಟೆಂಟಿಗೆ ಕರೆದೊಯ್ದದ್ದೂ ಇದೇ. ನಾನು ಪಿಯುಸಿ ಅರ್ಧಕ್ಕೆ ಬಿಟ್ಟು ಪತ್ರಿಕೆಗಳಿಗೆ ಬರೆಯೋಕೆ ಹೊರಟಾಗ ಮನೆಯಲ್ಲಿ ಬೈಯದೇ ಇದ್ದವರು ಅಪ್ಪ ಒಬ್ಬರೇ. 2012ರಿಂದ ಗಾಡಿ ಹಿತ್ತಿಲ ಶೆಡ್ಡಿನಲ್ಲಿ ನಿಂತೇ ಇತ್ತು. ಹೋದ ವರ್ಷ ಅಪ್ಪ, “ಒಂದ್ಸಲ ಇದ್ರಲ್ಲೇ ಮಾದಪ್ಪನ ಬೆಟ್ಟ ಹತ್ತುಸ್ಬುಡು ಮಗ” ಅಂದರು. ಅಪ್ಪನಿಗೆ ಈಗ 68. ಇಲ್ಲ ಅನ್ನೋಕೆ ಆಗುತ್ತಾ?

ಬಣ್ಣ ಹೊಡೆಸಿದೆ, ಕ್ರೋಮ್ ಹಾಕಿಸಿದೆ, ಟೈರು ಬದಲಾಯಿಸಿದೆ. ಕಾರ್ಬ್ಯುರೇಟರ್ ತೊಳೆದು, ಪ್ಲಗ್ ತೂತಿನಲ್ಲಿ ಎಣ್ಣೆ ಬಿಟ್ಟು, ಹಿಂದಿನ ಚಕ್ರ ಕೈಯಲ್ಲಿ ತಿರುಗಿಸಿ, ಒಂದು ದಿನ ಬಿಟ್ಟು ಕಿಕ್ ಹೊಡೆದರೆ ನಾಲ್ಕನೇ ಕಿಕ್ಕಿಗೆ ಸ್ಟಾರ್ಟು! ಬೀದಿಯ ಹುಡುಗರೆಲ್ಲ ಓಡಿಬಂದರು. ಅಲ್ಲಿಂದಲೇ ನೋಡಿ ತಲೆನೋವು ಶುರು. ಓಡುವ ಎಂಜಿನ್ ಬಿಚ್ಚಬೇಕೋ, ಬೇಡವೋ?

ಮೂರು ಊರು, ಮೂರು ಮಾತು. ಹನೂರಿನ ಮೆಕ್ಯಾನಿಕ್, ನನ್ನ ವಾರಿಗೆಯವನು, “ಎಲ್ಲಾನೂ ಬಿಚ್ಚಾಕ್ಬುಡಣ ಕಣಣ್ಣ. ಬೋರ್ ಮಾಡ್ಸಿ, ಪಿಸ್ಟನ್ನು, ಕನೆಕ್ಟಿಂಗ್ ರಾಡು, ಎಲ್ಲಾ ಹೊಸಾದು!” ಅಂದ. ಲೆಕ್ಕ 22,000 ರೂಪಾಯಿ. ನನ್ನ ನಾಲ್ಕು ತಿಂಗಳ ಬರವಣಿಗೆ! ಕೊಳ್ಳೇಗಾಲದ ಗುಜರಿ ಅಂಗಡಿಯವರು, “ಯಾಕ್ ಸಾರ್ ಒದ್ದಾಡ್ತೀರ? ರೆಡಿ ಎಂಜಿನ್ ಅದೆ, ಎತ್ತಾಕ್ಕೊಂಡ್ ಹೋಗಿ” ಅಂದರು. ಎಂಜಿನ್ ನಂಬರು ಇರೋದು ಕೇಸಿನ ಮೇಲೆ. ಅದು ಬದಲಾದರೆ ಆರ್‌ಸಿ ಪುಸ್ತಕಕ್ಕೂ ಗಾಡಿಗೂ ಸಂಬಂಧ ತಪ್ಪಿತು. ಅದಕ್ಕಿಂತ ಹೆಚ್ಚಾಗಿ, ಅದು ಅಪ್ಪನ ಗಾಡಿಯಾಗಿ ಉಳಿಯುತ್ತಾ?

ಯಳಂದೂರಿನಲ್ಲಿ ಒಬ್ಬ ಹಿರಿಯ ಮೇಸ್ತ್ರಿ ಇದ್ದಾರೆ. ಜಾವಾ ಕಾಲದಿಂದ ಸ್ಪ್ಯಾನರ್ ಹಿಡಿದವರು. ಅವರು ಸ್ಪ್ಯಾನರ್ ಮುಟ್ಟಲೇ ಇಲ್ಲ. ಗಾಡಿ ಸ್ಟಾರ್ಟ್ ಮಾಡಿಸಿ, ಬೀಡಿ ಹಚ್ಚಿ, ಕಣ್ಣು ಮುಚ್ಚಿ ಕೂತರು. ಹತ್ತು ನಿಮಿಷ ಆದಮೇಲೆ, “ಆಕ್ಸಿಲೇಟರ್ ಮುಟ್ಟಿಲ್ಲ, ಆದ್ರೂ ರೇಸ್ ತಾನಾಗೇ ಏರ್ತಾ ಅದೆ, ಕೇಳುಸ್ತಾ? ಸೀಲು ಒಣಗೋಗದೆ ಕಣಪ್ಪ” ಅಂದರು.

ಟೂ ಸ್ಟ್ರೋಕ್ ಎಂಜಿನ್ನಿನ ಗುಟ್ಟು ಇಲ್ಲೇ ಇದೆ. ಇದರಲ್ಲಿ ಪೆಟ್ರೋಲು, ಗಾಳಿ ಮೊದಲು ಹೋಗೋದು ಕ್ರ್ಯಾಂಕ್ ತಿರುಗುವ ಗೂಡಿಗೆ. ಆ ಗೂಡಿನ ಎರಡು ಬದಿಗೆ ರಬ್ಬರ್ ಸೀಲು. ವರ್ಷಗಟ್ಟಲೆ ಗಾಡಿ ನಿಂತರೆ ರಬ್ಬರ್ ಕಲ್ಲಾಗುತ್ತೆ. ಕ್ಲಚ್ ಕಡೆಯದು ಹೋದರೆ ಅಲ್ಲಿನ ಆಯಿಲನ್ನು ಒಳಗೆ ಎಳೆದು ದಟ್ಟ ಬಿಳಿ ಹೊಗೆ. ಇನ್ನೊಂದು ಕಡೆಯದು ಹೋದರೆ ಬರೀ ಗಾಳಿ. ಗಾಳಿ ಜಾಸ್ತಿ ಆದರೆ ಪೆಟ್ರೋಲ್ ಕಮ್ಮಿ. ಎಣ್ಣೆ ಬೆರೆತಿರೋದು ಪೆಟ್ರೋಲಿನಲ್ಲೇ ಆದ್ದರಿಂದ ಎಣ್ಣೆಯೂ ಕಮ್ಮಿ. ಪಿಸ್ಟನ್ ಕಾದು ಬ್ಲಾಕಿಗೆ ಕಚ್ಚಿಕೊಂಡರೆ ಹಿಂದಿನ ಚಕ್ರ ಅಲ್ಲೇ ಬಿಗಿ! ಕೊಳ್ಳೇಗಾಲದ ಪೇಟೆಯಲ್ಲಿ ಹೀಗಾದರೆ ಮಂಡಿ ತರಚೀತು. ತಾಳಬೆಟ್ಟ ದಾಟಿ, ಬೆಟ್ಟದ ತಿರುವಿನಲ್ಲಿ, ಹಿಂದೆ ಬಸ್ಸು, ಬೆನ್ನಿಗೆ ಅಪ್ಪ… ಊಹಿಸಿಕೊಳ್ಳಿ!

ಅಂದರೆ ಬಿಚ್ಚದೆ ವಿಧಿಯಿಲ್ಲ. ಆದರೆ ಎಷ್ಟು ಬಿಚ್ಚಬೇಕು? ಪ್ರಶ್ನೆ ಇರೋದು ಅಲ್ಲಿ.

ಮೊದಲು ಹೆಡ್ಡು, ಬ್ಲಾಕು ಮಾತ್ರ ಎತ್ತಿದೆವು. ಲೇತ್ ಅಂಗಡಿಯಲ್ಲಿ ಬ್ಲಾಕನ್ನು ಮೇಲೆ, ನಡುವೆ, ಕೆಳಗೆ ಅಳೆಸಿದೆವು. ಒಮ್ಮೆಯೂ ಬೋರ್ ಆಗಿರಲಿಲ್ಲ, ಸವೆತ ಕಮ್ಮಿ. ಕನೆಕ್ಟಿಂಗ್ ರಾಡನ್ನು ಮೇಲೆ ಕೆಳಗೆ ಎಳೆದು ನೋಡಿದರು ಮೇಸ್ತ್ರಿ. ಅಕ್ಕಪಕ್ಕ ಸ್ವಲ್ಪ ಆಡಿದರೆ ಚಿಂತೆಯಿಲ್ಲ, ಮೇಲೆ ಕೆಳಗೆ ಆಡಿದರೆ ಒಳಗಿನ ಬೇರಿಂಗ್ ಮುಗಿದ ಹಾಗೆ. ಆಡಲಿಲ್ಲ!

ಹನೂರಿನ ಗೆಳೆಯ ಅಲ್ಲೇ ಇದ್ದ. “ಹೆಂಗೂ ಬಿಚ್ಚಿದೀವಲ್ಲಣ್ಣ, ಬೋರೂ ಮಾಡ್ಸ್ಬುಡು” ಅಂದ. ಈ ‘ಹೆಂಗೂ’ ಅನ್ನೋ ಮಾತೇ ಅಪಾಯ ನೋಡಿ. ಬೋರಿಂಗ್ ಅಂದರೆ ಕಬ್ಬಿಣ ಕೆತ್ತೋದು. ಕೆತ್ತಿದ್ದು ಮತ್ತೆ ಅಂಟುತ್ತಾ? ರಾಡ್ ಬದಲಿಸಬೇಕಾದರೆ ಪ್ರೆಸ್ಸಿನಲ್ಲಿ ಒತ್ತಿ ಕೂರಿಸಿದ ಕ್ರ್ಯಾಂಕನ್ನೇ ಬೇರ್ಪಡಿಸಿ, ಮತ್ತೆ ಒತ್ತಿ ನೇರ ಮಾಡಬೇಕು. ಕೂದಲೆಳೆ ತಪ್ಪಿದರೂ ಎಂಜಿನ್ ಜೀವನಪೂರ್ತಿ ನಡುಗುತ್ತೆ. ಕಾರ್ಖಾನೆ ಮುಚ್ಚಿದ ಮೇಲೆ ಒಳ್ಳೆಯ ಹಳೇ ಸಾಮಾನು ಕಳೆದುಕೊಂಡರೆ ಅಂಥದ್ದೇ ಸಿಗೋದು ಕಷ್ಟ.

ನಮ್ಮ ತಾಲ್ಲೂಕಿಗೆ ಸಿಂಗಾನಲ್ಲೂರಿನ ನಂಟಿರುವ ಅಣ್ಣಾವ್ರನ್ನೇ ನೆನೆಯಿರಿ. 1971ರ ‘ಕಸ್ತೂರಿ ನಿವಾಸ’ 2014ರಲ್ಲಿ ಬಣ್ಣದಲ್ಲಿ ಬಂದಾಗ ಜನ ಮತ್ತೆ ಥಿಯೇಟರಿಗೆ ನುಗ್ಗಿದರು. ಕಪ್ಪು ಬಿಳುಪಿಗೆ ಬಣ್ಣ ಬಂತು. ಆದರೆ ಅಣ್ಣಾವ್ರ ಜಾಗದಲ್ಲಿ ಬೇರೆ ನಟನನ್ನು ತಂದು ನಿಲ್ಲಿಸಿದರೇನು? ಗಾಡಿಗೂ ಅಷ್ಟೇ ಕಣ್ರೀ. ಬಣ್ಣ, ಕ್ರೋಮು, ಸೀಟು ಎಷ್ಟು ಸಲ ಬೇಕಾದರೂ ಮಾಡಿಸಿ. ಎಂಜಿನ್ ಮಾತ್ರ ನಟ.

ಇಷ್ಟೆಲ್ಲ ಯೋಚಿಸಿ ಮನೆಗೆ ಬಂದು ಅಪ್ಪನನ್ನು ಕೇಳಿದೆ. ಮಗ್ಗದ ಮನುಷ್ಯ ಒಂದೇ ಮಾತಿನಲ್ಲಿ ಮುಗಿಸಿದರು: “ಕಿತ್ತೋದ ಎಳೆಗೆ ಗಂಟಾಕ್ತಾರೆ ಮಗ. ಅದಕ್ಕೋಸ್ಕರ ಹಾಸೇ ಕುಯ್ದು ಬಿಸಾಕ್ತಾರಾ?”

ತೀರ್ಮಾನ ಆಯಿತು. ಎಂಜಿನ್ ಇಳಿಸಿ ಎರಡೂ ಸೀಲು, ಎರಡು ಬದಿಯ ಬೇರಿಂಗು, ರಿಂಗು, ಪ್ಯಾಕಿಂಗು ಹೊಸದು ಹಾಕಿಸಿದೆ. ಬ್ಲಾಕು, ಪಿಸ್ಟನ್ನು, ಕ್ರ್ಯಾಂಕು 1986ರವೇ. ಖರ್ಚು 7,000. ಬಿಚ್ಚಿದ್ದು ಯಳಂದೂರಿನ ಮೇಸ್ತ್ರಿ, ಜೋಡಿಸೋಕೆ ಕೈಹಾಕಿದ್ದು ಹನೂರಿನ ಗೆಳೆಯ. ಈಗ ಅವನೂ ಮೊದಲು ಕಿವಿ ಕೊಟ್ಟು, ಆಮೇಲೆ ಸ್ಪ್ಯಾನರ್ ಎತ್ತುತ್ತಾನೆ!

ಒಂದು ತಿಂಗಳು ಕೊಳ್ಳೇಗಾಲ, ಯಳಂದೂರು ಅಂತ ನಿಧಾನವಾಗಿ ಓಡಿಸಿ, ಒಂದು ಸೋಮವಾರ ಬೆಳಿಗ್ಗೆ ಹನೂರು, ಕೌದಳ್ಳಿ ದಾಟಿ ಬೆಟ್ಟ ಹತ್ತಿದೆವು. ರೇಸ್ ತಾನಾಗಿ ಏರಲಿಲ್ಲ, ಎಂಜಿನ್ ಕಚ್ಚಲಿಲ್ಲ. ಪ್ರತಿ ತಿರುವಿನಲ್ಲೂ ಬೆನ್ನ ಹಿಂದಿನಿಂದ ಅಪ್ಪ, “ಎರಡಕ್ಕಾಕು… ಈಗ ಮೂರಕ್ಕಾಕು” ಅಂತ ಹೇಳುತ್ತಲೇ ಇದ್ದರು.

ನಿಮ್ಮ ಮನೆಯ ಶೆಡ್ಡಿನಲ್ಲೂ ಅಪ್ಪನದೋ ತಾತನದೋ ಗಾಡಿ ನಿಂತಿದೆಯಾ ಗೆಳೆಯರೇ? ಮೊದಲು ಕೇಳಿಸಿಕೊಳ್ಳಿ, ಆಮೇಲೆ ಅಳೆಸಿ, ಕೊನೆಗೆ ಬಿಚ್ಚಿ. ಕೆಟ್ಟದ್ದನ್ನು ಬದಲಿಸಲು ಜಿಪುಣತನ ಬೇಡ. ಕೆಡದೇ ಇರೋದನ್ನು ಮುಟ್ಟಲು ಅವಸರವೂ ಬೇಡ. ಏನಂತೀರಾ?