ಕಿರ್ದಿಗೆ ಬರೆದ ಮೇಲೇ 'ಆಯ್ತು' ಅನ್ನಬೇಕು

ಊರಿಗೆ ಹೋದಾಗ ಯಾರಾದರೂ 'ಏನು ಕೆಲಸ ಮಾಡ್ತೀಯಪ್ಪಾ' ಅಂತ ಕೇಳಿದರೆ 'ಕಂಪ್ಯೂಟರ್' ಅಂದು ಸುಮ್ಮನಾಗಿಬಿಡುತ್ತೇನೆ. ಡೇಟಾಬೇಸಿನ ಬಫರು, ಲಾಗು ಇವುಗಳ ಮೇಲೆ ಕಣ್ಣಿಡೋದು ನನ್ನ ಕೆಲಸ ಅಂದರೆ ಯಾರಿಗೆ ಅರ್ಥವಾಗಬೇಕು ಹೇಳಿ? ಆದರೆ ಅಡಿಕೆ ಮಂಡಿಯ ಲೆಕ್ಕ ನೋಡಿದವರಿಗೆ ಇದನ್ನು ಹೇಳೋದು ಅಷ್ಟೇನೂ ಕಷ್ಟವಲ್ಲ ಅಂತ ಈಚೆಗೆ ಅನ್ನಿಸಿದೆ.

ಹಳೇ ಪದ್ಧತಿಯ ಲೆಕ್ಕದಲ್ಲಿ ಎರಡು ಪುಸ್ತಕ. ಒಂದು ರೋಜು ಕಿರ್ದಿ, ಇನ್ನೊಂದು ಖಾತೆ. ರೈತ ಎದುರಿಗೆ ನಿಂತಿರುವಾಗ ಗುಮಾಸ್ತರು ಅವನ ಖಾತೆ ಯಾವ ಪುಟದಲ್ಲಿದೆ ಅಂತ ಹುಡುಕುತ್ತಾ ಕೂರೋದಿಲ್ಲ. ನಡೆದದ್ದನ್ನು ನಡೆದ ಕ್ರಮದಲ್ಲೇ ಕಿರ್ದಿಗೆ ಬರೆದು 'ಆಯ್ತು, ಹೋಗಿ ಬನ್ನಿ' ಅಂತಾರೆ. ಖಾತೆಗೆ ಏರಿಸೋದು ಆಮೇಲೆ, ಪುರುಸೊತ್ತಾದಾಗ.

ಡೇಟಾಬೇಸೂ ಹೀಗೇ. ನಾನು ದಿನಾ ನೋಡುವ ಪೋಸ್ಟ್‌ಗ್ರೆಸ್ ತಗೊಳ್ಳಿ. ಅದು ಖಾತೆಯ ಪುಟಗಳನ್ನು, ಒಂದೊಂದು 8 ಕೆಬಿಯದ್ದು, ಮೆಮೊರಿಗೆ ತಂದು ಇಟ್ಟುಕೊಳ್ಳುತ್ತದೆ. ಅದೇ ಬಫರ್. ನಾವು ಏನೂ ಬದಲಿಸದಿದ್ದರೆ ಅದಕ್ಕೆ ಸಿಗೋದು 128 ಎಂಬಿ, ಅಂದರೆ 16,384 ಪುಟ. ತಿದ್ದುಪಡಿ ಆಗೋದು ಈ ಮೆಮೊರಿಯ ಪುಟದಲ್ಲಿ. ಕರೆಂಟು ಹೋದರೆ ಅದು ಮಾಯ! ಅದಕ್ಕೇ ಕಮಿಟ್ ಆದಾಗ ಕಿರ್ದಿಯನ್ನು, ಅಂದರೆ ಲಾಗನ್ನು, ಡಿಸ್ಕಿಗೆ ಬರೆದು ಮುಗಿಸಿ ಆಮೇಲೆ 'ಆಯ್ತು' ಅನ್ನುತ್ತದೆ. ಪುಟಗಳು ಡಿಸ್ಕಿಗೆ ಹೋಗೋದು ನಿಧಾನವಾಗಿ, ಚೆಕ್‌ಪಾಯಿಂಟಿನ ಹೊತ್ತಿಗೆ. ಲಾಗು ಮೊದಲು, ಪುಟ ಆಮೇಲೆ ಅನ್ನುವ ಈ ಶಿಸ್ತನ್ನು ಐಬಿಎಂನಲ್ಲಿದ್ದ ಸಿ. ಮೋಹನ್ ಮತ್ತು ಸಂಗಡಿಗರು 1992ರ 'ಏರೀಸ್' ಪ್ರಬಂಧದಲ್ಲಿ ವಿಸ್ತಾರವಾಗಿ ಬರೆದಿದ್ದಾರೆ.

ಇಷ್ಟು ಪೀಠಿಕೆ ಯಾಕೆಂದರೆ, ಕಳೆದ ವರ್ಷ ನಮ್ಮ ಗ್ರಾಹಕರೊಬ್ಬರ ಕಡೆ ತಿಂಗಳ ಕೊನೆಯಲ್ಲಿ ಎಲ್ಲಾ ನಿಧಾನವಾಗತೊಡಗಿತು. ಕೌಂಟರಿನಲ್ಲಿ ಒಂದು ರಸೀದಿ ಬರಬೇಕಾದರೆ ಜನ ಆಕಳಿಸುತ್ತಾ ನಿಲ್ಲಬೇಕು. ಮೀಟಿಂಗಿನಲ್ಲಿ ಪರದೆ ಮೇಲೆ ತೋರಿಸಿದ್ದು ಒಂದೇ ಸಂಖ್ಯೆ: ಬಫರ್ ಹಿಟ್ ಶೇಕಡಾ 99. ಹಸಿರು ಬಣ್ಣ. 'ಡೇಟಾಬೇಸ್ ಚೆನ್ನಾಗಿದೆ, ಆ ಹೊಸ ರಿಪೋರ್ಟಿನದೇ ತೊಂದರೆ' ಅಂತ ತೀರ್ಮಾನವಾಯಿತು. ರಿಪೋರ್ಟ್ ಬರೆದವಳು ಕೆಲಸಕ್ಕೆ ಸೇರಿ ಆರು ತಿಂಗಳೂ ಆಗಿರದ ಹುಡುಗಿ. ಪ್ರೊಬೇಷನ್ ಬೇರೆ ಮುಗಿದಿರಲಿಲ್ಲ.

ಈ 99ರ ಬಗ್ಗೆ ಸ್ವಲ್ಪ ಹೇಳಬೇಕು. ಮೊದಲನೆಯದಾಗಿ, ಅದು ಎಣಿಕೆ ಶುರುವಾದ ದಿನದಿಂದ ಇವತ್ತಿನ ತನಕದ ಸರಾಸರಿ. ಆರು ತಿಂಗಳ ಲೆಕ್ಕದೊಳಗೆ ಒಂದು ಕೆಟ್ಟ ಗಂಟೆ ಎಲ್ಲಿ ಕಾಣಬೇಕು? ಎರಡನೆಯದಾಗಿ, ಕೆಟ್ಟದಾಗಿ ಬರೆದ ಕ್ವೆರಿ ಅದೇ ನಾಲ್ಕು ಪುಟಗಳನ್ನು ಲಕ್ಷ ಸಲ ಓದಿದರೂ ಎಲ್ಲವೂ 'ಹಿಟ್' ಅಂತಲೇ ಜಮೆಯಾಗಿ ಅಂಕ ಮೇಲೇರುತ್ತದೆ! ಆರಕಲ್ ವಲಯದ ಕ್ಯಾರಿ ಮಿಲ್‌ಸಾಪ್ ಎಂಬವರು ಶೇಕಡಾ 99ಕ್ಕಿಂತ ಹೆಚ್ಚಿನ ಹಿಟ್ ಯಾಕೆ ಸರಿಯಲ್ಲ ಅಂತಲೇ ಒಂದು ಪ್ರಬಂಧ ಬರೆದಿದ್ದಾರೆ. ಮೂರನೆಯದು ನಮಗೆ ಬೇಕಾದದ್ದು: ಈ ಸಂಖ್ಯೆಗೆ ಲಾಗಿನ ಸುದ್ದಿಯೇ ಗೊತ್ತಿಲ್ಲ.

ಹಾಗಾಗಿ ನಾವು ಮಾಡಿದ್ದು ಇಷ್ಟೇ. ತೊಂದರೆಯ ಹೊತ್ತಿಗೆ ಹತ್ತು ನಿಮಿಷದ ಅಂತರದಲ್ಲಿ ಎರಡು ಸಲ ಅಂಕಿಅಂಶ ತೆಗೆದು ಕಳೆದೆವು. ಜೊತೆಗೆ ಆ ಕ್ಷಣದಲ್ಲಿ ಯಾರು ಯಾತಕ್ಕೆ ಕಾಯುತ್ತಿದ್ದಾರೆ ಅಂತ ಮತ್ತೆ ಮತ್ತೆ ನೋಡಿದೆವು. ಬಹುಪಾಲು ಕನೆಕ್ಷನ್‌ಗಳು ನಿಂತಿದ್ದು 'ವಾಲ್ ರೈಟ್' ಅನ್ನುವಲ್ಲಿ. ಅಂದರೆ ಎಲ್ಲರೂ ಕಿರ್ದಿಯ ಮುಂದೆ ಸರತಿಯಲ್ಲಿ! ರಿಪೋರ್ಟನ್ನು ಒಂದು ಗಂಟೆ ನಿಲ್ಲಿಸಿದರೂ ಸರತಿ ಕರಗಲಿಲ್ಲ.

ಕಾರಣ, ಹೊರಗಿನವರಿಂದ ಕೊಂಡಿದ್ದ ಒಂದು ಪ್ರೋಗ್ರಾಮ್. ತಿಂಗಳ ಕೊನೆಯ ಕಡತವನ್ನು ಸಾಲು ಸಾಲಾಗಿ ಸೇರಿಸಿ, ಪ್ರತಿ ಸಾಲಿಗೂ ಕಮಿಟ್ ಮಾಡುತ್ತಿತ್ತು. ಡಿಸ್ಕಿಗೆ ಒಂದು ಸಲ ಬರೆದು ಮುಗಿಸಲು 5 ಮಿಲಿಸೆಕೆಂಡ್ ಹಿಡಿದರೆ ಲಕ್ಷ ಸಾಲಿಗೆ 500 ಸೆಕೆಂಡು ಬರೀ ಕಾಯೋದೇ ಆಯ್ತು. ಸಾವಿರ ಸಾಲಿಗೊಂದು ಕಮಿಟ್ ಆದರೆ ಅದೇ ಲೆಕ್ಕ ಅರ್ಧ ಸೆಕೆಂಡು. ಇದರ ಮೇಲೆ ಲಾಗಿನ ಮಿತಿ 1 ಜಿಬಿಯಲ್ಲೇ ಇತ್ತು. ಐದು ನಿಮಿಷಕ್ಕೊಮ್ಮೆ ಆಗಬೇಕಾದ ಚೆಕ್‌ಪಾಯಿಂಟ್ ಮಿತಿ ತುಂಬಿತೆಂದು ನಡುನಡುವೆಯೇ ಆಗುತ್ತಿತ್ತು. ಪ್ರತಿ ಚೆಕ್‌ಪಾಯಿಂಟಿನ ನಂತರ ಒಂದು ಪುಟವನ್ನು ಮೊದಲ ಸಲ ಮುಟ್ಟಿದಾಗ ಇಡೀ ಪುಟವೇ ಲಾಗಿಗೆ ಹೋಗುತ್ತದೆ. ಅದರಿಂದ ಲಾಗು ಇನ್ನೂ ಬೇಗ ತುಂಬುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ.

ಆಗ ಒಬ್ಬರು ಸುಲಭದ ದಾರಿ ಹೇಳಿದರು. ಸಿಂಕ್ರೊನಸ್ ಕಮಿಟ್ ಆಫ್ ಮಾಡಿಬಿಡಿ, ಎಲ್ಲಾ ಸರಿಹೋಗುತ್ತೆ. ಹೋಗುತ್ತೆ, ನಿಜ. ಡೇಟಾಬೇಸ್ ಏನೂ ಕೆಡೋದಿಲ್ಲ. ಆದರೆ ಕಿರ್ದಿ ಡಿಸ್ಕಿಗೆ ಮುಟ್ಟುವ ಮುಂಚೆಯೇ 'ಆಯ್ತು' ಅನ್ನುತ್ತದೆ. ಆ ಕ್ಷಣದಲ್ಲಿ ಸರ್ವರ್ ಬಿದ್ದರೆ ಕೊನೆಯ ಅರ್ಧ ಸೆಕೆಂಡಿನಷ್ಟು ವ್ಯವಹಾರ ಇಲ್ಲವಾಗಬಹುದು. ಯಾರದೋ ಒಬ್ಬರ ಕೈಯಲ್ಲಿ ರಸೀದಿ ಇರುತ್ತೆ, ನಮ್ಮ ಪುಸ್ತಕದಲ್ಲಿ ಹಣ ಇರೋದಿಲ್ಲ. ಪುಟಕ್ಕೆ ಎಷ್ಟು ಜನ ಬಂದರು ಅಂತ ಎಣಿಸುವ ಕೋಷ್ಟಕಕ್ಕಾದರೆ ಪರವಾಗಿಲ್ಲ, ದುಡ್ಡಿನ ಲೆಕ್ಕಕ್ಕೆ ಬೇಡ ಅಂತ ನಮ್ಮ ತಂಡ ಹಠ ಹಿಡಿಯಿತು. ಕೊನೆಗೆ ಸಾವಿರಕ್ಕೊಂದು ಕಮಿಟ್, ಲಾಗಿನ ಮಿತಿ 8 ಜಿಬಿ ಆಯ್ತು. ಮುಂದಿನ ತಿಂಗಳ ಕೊನೆಗೆ ಕೌಂಟರ್ ಮಾಮೂಲಿನಂತೆ ನಡೆಯಿತು.

ಈಗ ನಾನು ಬರೆದಿಟ್ಟುಕೊಳ್ಳೋದು ಮೂರೇ ಸಂಗತಿ. ಕಮಿಟ್‌ಗಾಗಿ ಎಷ್ಟು ಕಾಯ್ತಿದ್ದೇವೆ, ಸಮಯಕ್ಕೆ ಸರಿಯಾಗಿ ಆದ ಚೆಕ್‌ಪಾಯಿಂಟೆಷ್ಟು ಒತ್ತಾಯದಿಂದ ಆದದ್ದೆಷ್ಟು, ಲಾಗ್ ಬಫರ್ ಎಷ್ಟು ಸಲ ತುಂಬಿತು. ಈ ಕೊನೆಯದನ್ನು ನೋಡಲು 2021ರ 14ನೇ ಆವೃತ್ತಿಯಿಂದ ಪ್ರತ್ಯೇಕ ಪಟ್ಟಿಯೇ ಇದೆ. ಹಿಟ್ ಸಂಖ್ಯೆಯನ್ನೂ ನೋಡುತ್ತೇನೆ, ಅದೊಂದನ್ನೇ ಅಲ್ಲ ಅಷ್ಟೇ.

ಅಂದ ಹಾಗೆ, 'ಸಮಸ್ಯೆ ಬಗೆಹರಿದಿದೆ' ಅಂತ ಎಲ್ಲರಿಗೂ ಮೈಲ್ ಹೋಯಿತು. ಅದರಲ್ಲಿ ಆ ರಿಪೋರ್ಟಿನದು ತಪ್ಪಿರಲಿಲ್ಲ ಅನ್ನುವ ಒಂದು ಸಾಲೂ ಇರಲಿಲ್ಲ. ಮರುದಿನ ನಾನೇ ಅದೇ ಮೈಲಿಗೆ, ಎಲ್ಲರಿಗೂ ಹೋಗುವ ಹಾಗೆ, ಆ ಒಂದು ಸಾಲು ಬರೆದೆ. ಯಾರೂ ಉತ್ತರಿಸಲಿಲ್ಲ. ಇರಲಿ ಬಿಡಿ, ಕಿರ್ದಿಯಲ್ಲಂತೂ ಇದೆ.